ಕಟ್ಟೆಯ ಮೇಲೆ ಉಳಿದ ವರದಿ

ಅದಿರು ಲಾರಿಗಳ ಅಬ್ಬರದ ಕಾಲದಲ್ಲಿ ನಾನು ಹೊಸಪೇಟೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಗಣಿಯಿಂದ ಯಾರಿಗೆ ಕೆಲಸ ಸಿಕ್ಕಿತು, ಊರಿನ ತೀರ್ಮಾನದಲ್ಲಿ ಯಾರ ಮಾತು ನಡೆಯಿತು ಎಂಬುದನ್ನು ಹಳ್ಳಿ ಹಳ್ಳಿ ತಿರುಗಿ ಬರೆದು ಸರ್ಕಾರಕ್ಕೆ ಕೊಡುವುದು ನಮ್ಮ ಕೆಲಸ. ನಮ್ಮ ನಿರ್ದೇಶಕರಿಗೆ ಒಂದು ಹಟವಿತ್ತು: ವರದಿ ಮೇಲಕ್ಕೆ ಹೋಗುವ ಮುಂಚೆ ಆಯಾ ಊರಿನವರ ಮುಂದೆ ಅದನ್ನು ಓದಲೇಬೇಕು. ಕೆಂಪು ಧೂಳು ತಿಂದು ಬರೆದದ್ದನ್ನು ಮತ್ತೆ ಧೂಳು ತಿಂದು ಓದುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಡೂರು ದಾರಿಯ ಒಂದು ಊರಿನಲ್ಲಿ, ಬೇವಿನ ಕಟ್ಟೆಯ ಮೇಲೆ ನಿರ್ದೇಶಕರ ಜೊತೆ ಗಂಡಸರ ನಡುವೆ ಕೂತು ಓದಿದೆ: "ಗ್ರಾಮಸಭೆಗೆ ಹೆಂಗಸರು ಬರುವುದಿಲ್ಲ."

ಹಿಂದಿನ ಓಣಿಯಿಂದ ಒಬ್ಬ ಅಜ್ಜಿ ಕೂಗಿದಳು: "ಯಾರ್ರೀ ಬರಂಗಿಲ್ಲ ಅಂದವ್ರು? ದೊಡ್ಡೋರು ಕುಂತ ಕಟ್ಟಿ ನಾವು ಹತ್ತಂಗಿಲ್ಲ. ಪ್ರತಿ ಸಭೆಗೂ ಇಲ್ಲೇ ಗ್ವಾಡಿ ಮರೆಗೆ ನಿಂತು ಎಲ್ಲಾ ಕೇಳ್ತೀವಿ. ಹೊಲದಾಗ ಲಾರಿ ದಾರಿ ಬ್ಯಾಡ ಅಂತ ಹೇಳೋದಿತ್ತು. ನಮ್ಮನ್ನ ಯಾರೂ ಕೇಳ್ಲಿಲ್ಲ, ಅಷ್ಟ."

ನಾನು ಕಟ್ಟೆಯ ಮೇಲಿದ್ದವರನ್ನಷ್ಟೇ ನೋಡಿ ಬರೆದಿದ್ದೆ.

ನಿರ್ದೇಶಕರು ನನ್ನನ್ನು ಬೈಯಲಿಲ್ಲ. ಕಟ್ಟೆ ಇಳಿದು ಹೋಗಿ, ಅಷ್ಟು ವಯಸ್ಸಾದ ಮನುಷ್ಯ, ಓಣಿಯ ಮಣ್ಣಿನಲ್ಲೇ ಕೂತರು. "ಕುಂದ್ರಿ ಯವ್ವಾ. ಮೊದಲಿಂದ ಹೇಳ್ರಿ, ಬರಕೋತೀನಿ," ಎಂದರು.

ಆಕೆಯ ಮಾತು ಕೇಳಲು ಗಂಡಸರೂ ಒಬ್ಬೊಬ್ಬರಾಗಿ ಇಳಿದು ಬಂದರು. ಕೊನೆಗೆ ನಾನೂ ಇಳಿದೆ. ಕಟ್ಟೆಯ ಮೇಲೆ ನನ್ನ ವರದಿಯೊಂದೇ ಉಳಿಯಿತು.