ಕಬ್ಬಿಣವಿಲ್ಲದ ಫ್ಲಾಸ್ಕ್

ಸಮೀರ, ನೀನು ಸುಳ್ಳು ಅಂಕೆ ಬರೆದಿರಲಿಲ್ಲ. ಸುಳ್ಳು ಹೇಳಿದವಳು ನಾನು — ನಿನ್ನ ಫ್ಲೇವಿ ಅಕ್ಕ. ಗೊತ್ತಿದ್ದೂ ಗೊತ್ತಿದ್ದೂ ಹೇಳಿದೆ.

ಅಬುಧಾಬಿಯ ಆ ಲ್ಯಾಬಿನಲ್ಲಿ ಔಷಧಿಗೆ ಬೇಕಾದ ಎರಡು ಅಣುಗಳನ್ನು ಬೆಸೆಯಲು ವೇಗವರ್ಧಕವಾಗಿ ಪಲ್ಲಾಡಿಯಂ ಬಳಸುತ್ತಿದ್ದೆವು. ಅಪರೂಪದ ಲೋಹ, ವಿಪರೀತ ದುಬಾರಿ. ಅದರ ಬದಲು ಕಬ್ಬಿಣ ಸಾಕು ಎಂದು ಹಟ ಹಿಡಿದವಳು ನಾನು, ಪ್ರಯೋಗ ಮಾಡಿದವನು ನೀನು. ಮೂರು ಸಲ ಮಾಡಿದೆ, ಮೂರು ಸಲವೂ ಬೆಸೆದು ಬರಬೇಕಾದ ಬಿಳಿ ಪುಡಿ ಬಂತು. ಮ್ಯಾನೇಜರು ಬಂದು ನನ್ನ ಕೈಕುಲುಕಿದರು. ನಿನ್ನದಲ್ಲ, ನನ್ನ ಕೈ. ನಾನೆಷ್ಟು ಉಬ್ಬಿಹೋದೆನೆಂದರೆ — ಇರಲಿ, ನೀನೇ ನೋಡಿದ್ದೀಯಲ್ಲ.

ಆಮೇಲೆ ನಾನೊಬ್ಬಳೇ ಕೂತು ಅದನ್ನೇ ಮಾಡಿದೆ. ಏನೂ ಬರಲಿಲ್ಲ. ವ್ಯತ್ಯಾಸ ಒಂದೇ — ಫ್ಲಾಸ್ಕಿನ ತಳದಲ್ಲಿ ತಿರುಗುತ್ತ ದ್ರಾವಣ ಕದಡುವ ಹುಣಸೆಬೀಜದಷ್ಟು ಮ್ಯಾಗ್ನೆಟ್, ನಾವು ಬೀಡ್ ಅನ್ನುತ್ತಿದ್ದೆವಲ್ಲ, ನಾನು ಹಾಕಿದ್ದು ಹೊಸದು. ನಿನ್ನದು ವರ್ಷಗಟ್ಟಲೆ ಪಲ್ಲಾಡಿಯಂನಲ್ಲಿ ತಿರುಗಿ ಕಪ್ಪು ಹಿಡಿದದ್ದು. ಅದನ್ನು ಹಾಕಿ, ಕಬ್ಬಿಣ ಹಾಕದೆಯೇ ನಡೆಸಿದೆ. ಪುಡಿ ಬಂತು. ಕಬ್ಬಿಣ ಏನೂ ಮಾಡಿರಲಿಲ್ಲ. ಬೀಡಿಗೆ ಅಂಟಿದ್ದ ಪಲ್ಲಾಡಿಯಂ ಅಷ್ಟೂ ಕೆಲಸ ಮಾಡಿತ್ತು.

ಆ ಬೀಡ್ ನಿನ್ನ ಕೈಗೆ ಕೊಟ್ಟವರು ಯಾರು? "ಅಕ್ಕ, ಇದು ಕಪ್ಪಾಗಿದೆಯಲ್ಲ, ಹೊಸತು ತೆಗೀಲಿಕ್ಕುಂಟಾ?" ಎಂದು ನೀನು ಕೇಳಿದ್ದೆ. "ಎಂತ ಬೇಡ, ಆಸಿಡ್‌ನಲ್ಲಿ ತೊಳ್ದು ಹಾಕು" ಎಂದವಳು ನಾನು. ತೊಳೆದು ಮತ್ತೆ ಬಳಸುವುದು ನಾನೇ ಮಾಡಿದ ನಿಯಮ.

ಹೊಸ ಬೀಡಿನಲ್ಲಿ ಪುಡಿ ಯಾಕೆ ಬರುತ್ತಿಲ್ಲವೆಂದು ಮ್ಯಾನೇಜರು ಕೇಳಿದಾಗ ಇಷ್ಟನ್ನೂ ಹೇಳಬಹುದಿತ್ತು. ನಾನು ಹೇಳಿದ್ದು — ಸಮೀರ ಅಂಕೆಗಳನ್ನು ಕಟ್ಟಿ ಬರೆದಿದ್ದಾನೆ. ನಿನ್ನ ನೋಟ್‌ಬುಕ್ಕಿನ ಮೂರು ಪುಟಗಳಿಗೆ ಕೆಂಪು ಗೆರೆ ಎಳೆದೆ. ನಿನ್ನ ವೀಸಾ ರದ್ದಾಯಿತು.

ಕಡೆಯ ದಿನ ನೀನು ಲಿಫ್ಟಿನ ಬಳಿ ನಿಂತಿದ್ದೆ. ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹೋದಾಗಲೆಲ್ಲ ನಮಗೂ ಅಂಜಲ್ ಮೀನು ತಂದುಕೊಡುತ್ತಿದ್ದ ನೀನು ಕೇಳಿದ್ದು ಇಷ್ಟೇ: "ಪುಡಿ ಬಂದದ್ದು ನೀವೇ ನೋಡಿದ್ದಲ್ವಾ ಅಕ್ಕ? ಒಂದು ಮಾತು ಹೇಳಿ."

"ಖಲಾಸ್, ಸಮೀರ್" ಎಂದೆ.

ಚರ್ಚಿನಲ್ಲಿ ಪಾಪನಿವೇದನೆ ಮಾಡಿಕೊಂಡೆ. ಅದೇನು ದೊಡ್ಡ ಸಂಗತಿ — ಅಲ್ಲಿ ಕೇಳುವ ಪಾದ್ರಿಗೆ ನಿನ್ನ ಪರಿಚಯವಿಲ್ಲ. ಅದರಿಂದ ನನಗೆ ನಿದ್ದೆ ಬಂತು, ನಿನಗೆ ಹೆಸರು ವಾಪಸ್ ಬರಲಿಲ್ಲ. ನಿನ್ನೂರು ಉಪ್ಪಿನಂಗಡಿಯಲ್ಲಿ ಇಂದಿಗೂ ನೀನು ಕೊಲ್ಲಿಯಲ್ಲಿ ಮೋಸ ಮಾಡಿ ಬಂದವನು. ಮತ್ಯಾವ ಲ್ಯಾಬೂ ನಿನ್ನನ್ನು ಕರೆಯಲಿಲ್ಲವೆಂದು ಕೇಳಿದೆ.

"ಈಗ ಎಂತಕ್ಕೆ ಮಾರಾಯ್ತಿ? ನಮ್ಮೆಲ್ಲರ ವೀಸಾ ನಿನ್ನ ಕೆಲ್ಸದ ಮೇಲೆ ಉಂಟು" ಎನ್ನುತ್ತಾರೆ ನನ್ನ ಗಂಡ. ಇರಲಿ. ಹೋದರೆ ಹೋಗಲಿ. ನಿನ್ನದು ಹೋಗುವಾಗ ಯಾರು ಲೆಕ್ಕ ಹಾಕಿದ್ದರು? ಕಬ್ಬಿಣದ ಮೇಲಿನ ನಂಬಿಕೆಯನ್ನು ನಾನು ಬಿಟ್ಟಿಲ್ಲ. ಅದು ಒಂದು ದಿನ ಕೆಲಸ ಮಾಡೀತು — ಆದರೆ ಹೊಸ ಬೀಡಿನಲ್ಲಿ, ಯಾರನ್ನೂ ತುಳಿಯದೆ.

ಆ ಹಳೆಯ ಬೀಡನ್ನು ನಾನು ಎಸೆದಿಲ್ಲ. ನಾಳೆ ಬೆಳಿಗ್ಗೆ ಮ್ಯಾನೇಜರ ಎದುರು ಅದನ್ನು ಹಾಕಿ, ಕಬ್ಬಿಣ ಹಾಕದೆ ಪ್ರಯೋಗ ನಡೆಸುತ್ತೇನೆ. ಬೇಡವೆಂದರೂ ನಡೆಸುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ, ಕೇಳುವ ಮುಖವೂ ನನಗಿಲ್ಲ. ನಿನ್ನ ಮೂರು ಪುಟಗಳಲ್ಲಿ ಕೆಂಪು ಗೆರೆಯ ಕೆಳಗೆ ಇವತ್ತು ಬರೆದು ಸಹಿ ಹಾಕಿದ್ದೇನೆ: ಈ ಅಂಕೆಗಳು ಸರಿ. ಗೆರೆ ಎಳೆದದ್ದು ತಪ್ಪು.