ಅತ್ತೆಯ ನೀರಡಿಕೆಗೆ ಕೇರಿಯೆಲ್ಲ ಡಾಕ್ಟರು

ಅತ್ತೆಗೆ ನೀರಡಿಕೆ ಶುರುವಾದ ವರ್ಷ ನಮ್ಮ ಕೇರಿಯಲ್ಲಿ ಡಾಕ್ಟರಾಗದೆ ಉಳಿದವರು ಯಾರೂ ಇರಲಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದು, ಅಂಕೋಲೆಯ ಪೇಟೆಯಲ್ಲಿ ಬಂಗಡೆ, ತಾರ್ಲೆ ಮೀನು ಮಾರುತ್ತಿದ್ದಳು. ಆ ವರ್ಷ ದಿನಕ್ಕೊಂದು ಕೊಡ ನೀರು ಕುಡಿಯತೊಡಗಿದಳು. ಕುಡಿದದ್ದು ಒಳಗೆ ನಿಲ್ಲುತ್ತಲೇ ಇರಲಿಲ್ಲ. ಬುಟ್ಟಿ ನೋಡಿಕೊಳ್ಳಲು ಪಕ್ಕದವಳಿಗೆ ಹೇಳಿ ಮೂತ್ರಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಅವಳ ಗಿರಾಕಿಗಳು ಬೇರೆ ಬುಟ್ಟಿಯ ಮುಂದೆ ಕೂತಿರುತ್ತಿದ್ದರು.

"ಶುಗರೇ ಅದು, ಕೇಳೂದೇ ಬೇಡ," ಎಂದು ಪಕ್ಕದ ಮನೆಯಾಕೆ ತೀರ್ಪು ಕೊಟ್ಟಳು. ಹಾಗಲಕಾಯಿ ರಸ ಬಂತು, ನೆನೆಸಿದ ಮೆಂತೆ ಬಂತು, ನೇರಳೆ ಬೀಜದ ಪುಡಿ ಬಂತು. ಅತ್ತೆ ಮುಖ ಕಿವುಚಿ ಎಲ್ಲವನ್ನೂ ನುಂಗಿದಳು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಸರಿಯಾಗಿಯೇ ಇತ್ತು. ಬುದ್ಧಿಯಿದ್ದವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ನಮ್ಮವರು ಮಶಿನ್ನೇ ಸರಿಯಿಲ್ಲ ಅಂದರು.

ಕೊನೆಗೆ ನನ್ನ ಸೋದರಮಾವ ಬಂದ. ಕದ್ರಾ ಅಣೆಕಟ್ಟಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಕಾಳಿ ನದಿಯನ್ನೇ ತಡೆದು ನಿಲ್ಲಿಸಿದವನು ತಾನೊಬ್ಬನೇ ಎಂಬ ಗತ್ತು ಅವನಿಗಿನ್ನೂ ಇಳಿದಿರಲಿಲ್ಲ.

"ಒಳಗೆ ನೀರು ಬಂದ್ರಲ್ವಾ ಹೊರಗೆ ಹೋಗೂದು?" ಎಂದು ಅಪ್ಪನನ್ನು ಕೇಳಿದ. "ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ. ಹೆಚ್ಚಿಗೆ ಕೊಡೂಕೇ ಹೋಗ್ಬೇಡಿ."

ಅಪ್ಪ ತಲೆಯಾಡಿಸಿದ. ಅಂದಿನಿಂದ ಅತ್ತೆಗೆ ನೀರು ಅಳತೆಯ ಮೇಲೆ.

ಇಷ್ಟೆಲ್ಲ ನಡೆಯುವಾಗ ನಾನೇನು ಮಾಡುತ್ತಿದ್ದೆ? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಾವ ಗ್ರಂಥಿ ಯಾವ ಹಾರ್ಮೋನು ಸುರಿಸುತ್ತದೆ ಎಂದು ಬೋರ್ಡಿನ ಮೇಲೆ ಪಟ್ಟಿ ಬರೆದು, ಮಕ್ಕಳಿಂದ ಬಾಯಿಪಾಠ ಹೇಳಿಸಿ, ಮನೆಗೆ ಬಂದು ಅತ್ತೆಯ ತಂಬಿಗೆ ಅಳೆಯುತ್ತಿದ್ದೆ. ನನ್ನಂಥ ಮೇಷ್ಟರಮ್ಮನಿಗೆ ಸರ್ಕಾರ ಸಂಬಳ ಬೇರೆ ಕೊಡುತ್ತದೆ.

ನಾಲ್ಕನೆಯ ದಿನ ಅತ್ತೆಯ ಕೈ ನಡುಗತೊಡಗಿತು. ಐದನೆಯ ದಿನ ವಾಂತಿ, ತೊದಲು ಮಾತು. ನಿಂತರೆ ಕಾಲು ಸೋಲುತ್ತಿತ್ತು. ಹೆದರಿ ಕಾರು ಮಾಡಿಕೊಂಡು, ಸೋದರಮಾವನನ್ನೂ ಕೂರಿಸಿಕೊಂಡು ಕಾರವಾರದ ಆಸ್ಪತ್ರೆಗೆ ಓಡಿದೆವು.

ಅಲ್ಲಿದ್ದದ್ದು ಸಣ್ಣ ವಯಸ್ಸಿನ ಡಾಕ್ಟರಮ್ಮ. ಅತ್ತೆಯ ನಾಲಿಗೆ ನೋಡಿ, ಕೈ ಚಾಚಿಸಿ ನೋಡಿ, ಅಪ್ಪನತ್ತ ತಿರುಗಿದರು.

"ಇವರು ಬೇರೆ ಯಾವ ಮಾತ್ರೆ ತಗೊಳ್ತಾರೆ?"

"ಎಂತದೂ ಇಲ್ಲ ಮೇಡಂ. ಬರೀ ಶಕ್ತಿ ಗುಳಿಗೆ," ಎಂದ ಅಪ್ಪ.

ಅದು ಹಸಿ ಸುಳ್ಳು. ನನಗೂ ಗೊತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಅತ್ತೆ ವಾರಗಟ್ಟಲೆ ನಿದ್ದೆಯಿಲ್ಲದೆ ಮಾತಾಡುತ್ತಾ, ಬಾಳೆಗುಳಿಯ ಕ್ರಾಸಿನಲ್ಲಿ ನಿಂತು ಲಾರಿಯವರಿಗೆಲ್ಲ ಬುಟ್ಟಿ ಮೀನನ್ನು ಪುಕ್ಕಟೆ ಹಂಚಿದ್ದಳು. ಆಗ ಮನೋರೋಗದ ಡಾಕ್ಟರೊಬ್ಬರು ಕೊಟ್ಟ ಲಿಥಿಯಂ ಮಾತ್ರೆಯಿಂದಲೇ ಅವಳು ಮತ್ತೆ ನೆಟ್ಟಗೆ ಪೇಟೆಯಲ್ಲಿ ಕೂತದ್ದು. ಹೊರಗಿನವರಿಗೆ ಮಾತ್ರ ನಾವು ಅದನ್ನು ಶಕ್ತಿ ಗುಳಿಗೆ ಅನ್ನುತ್ತಿದ್ದೆವು. ನೀರಡಿಕೆಯ ವರ್ಷವಂತೂ ನನ್ನ ಮದುವೆಯ ಮಾತು ನಡೆದಿತ್ತು. ಹಾಗಾಗಿ ಡಾಕ್ಟರ ಎದುರೂ ನಾನು ಬಾಯಿ ಬಿಡದೆ ಗೋಡೆ ನೋಡುತ್ತಾ ನಿಂತೆ.

ಬಾಯಿ ಬಿಟ್ಟವಳು ಅತ್ತೆಯೇ. "ತಲೆ ಗುಳಿಗೆ... ತಲೆ ಗುಳಿಗೆ ತಿಂತೆ ನಾನು. ನೀರು... ದಿನಕ್ಕೆ ಎರಡೇ ತಂಬಿಗೆ," ಎಂದು ತೊದಲಿದಳು.

ಡಾಕ್ಟರಮ್ಮ ಮಾತ್ರೆ ನಿಲ್ಲಿಸಿ ಸಲೈನ್ ಹಾಕಿಸಿದರು, ರಕ್ತ ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ನೀರು ಹಿಡಿದಿಟ್ಟುಕೋ ಅಂತ ಮೆದುಳು ಕಿಡ್ನಿಗೆ ಒಂದು ಹಾರ್ಮೋನು ಕಳಿಸುತ್ತೆ. ಕಿಡ್ನಿಯ ಜೀವಕೋಶದ ಮೇಲಿರೋ ಗ್ರಾಹಕ, ಅಂದ್ರೆ ರಿಸೆಪ್ಟರು, ಅದನ್ನ ಹಿಡಿದು ಒಳಗೆ ಸುದ್ದಿ ಮುಟ್ಟಿಸಬೇಕು. ಇವರಲ್ಲಿ ಹಾರ್ಮೋನಿದೆ, ಗ್ರಾಹಕವೂ ಇದೆ. ಆದರೆ ಬಹಳ ವರ್ಷ ಲಿಥಿಯಂ ತಗೊಂಡು ಒಳಗಿನ ಕೆಲಸ ಕೆಟ್ಟಿದೆ. ಅದಕ್ಕೇ ನೀರು ನಿಲ್ತಿರಲಿಲ್ಲ. ಕುಡಿದು ಕುಡಿದು ಇವರು ಹೇಗೋ ಸರಿದೂಗಿಸ್ತಿದ್ದರು. ನೀರು ಕಡಿಮೆಯಾದ ಕೂಡಲೇ ಆ ಮಾತ್ರೆ ಮೈಯಲ್ಲಿ ಉಳಿದು ವಿಷವಾಯ್ತು. ನೀರು ಕಡಿಮೆ ಮಾಡಿ ಅಂತ ಹೇಳಿದ್ದು ಯಾರು?"

ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ನದಿ ತಡೆದ ಮಹಾಶಯ ಆ ಹೊತ್ತಿಗೆ ಸರಿಯಾಗಿ ಚಾ ಕುಡಿಯಲು ಹೋಗಿದ್ದ.

ಅತ್ತೆ ಒಂದು ವಾರ ಆಸ್ಪತ್ರೆಯಲ್ಲಿದ್ದಳು. ಮನೋರೋಗದ ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. ನೀರಡಿಕೆ ಪೂರ್ತಿ ಹೋಗಲಿಲ್ಲ, ಅರ್ಧಕ್ಕೆ ಇಳಿಯಿತು. ಮೀನು ಪೇಟೆಗೆ ಮರಳಿದ ಮೊದಲ ದಿನವೇ, ಎಂತಾಗಿತ್ತು ಎಂದು ಕೇಳಿದವರಿಗೆಲ್ಲ ಅವಳು ಗಟ್ಟಿಯಾಗಿ ಹೇಳಿದಳಂತೆ: "ನಂಗೆ ತಲೆ ಸರಿ ಇರೂಕೆ ಗುಳಿಗೆ ಬೇಕು. ತಿಂತೆ. ಬಂಗಡೆ ಬೇಕಾ ಬೇಡ್ವಾ ಹೇಳು."

ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ಅಂಥವರ ಮನೆಯಲ್ಲಿ ನನಗೇನಾದರೂ ಆಗಿದ್ದರೆ ನನಗೂ ತಂಬಿಗೆಯ ಅಳತೆಯೇ ಆಗುತ್ತಿತ್ತು.

ಅಪ್ಪ ಈಗಲೂ ಕೇಳಿದವರಿಗೆ, "ಅಕ್ಕಂಗೆ ಕಿಡ್ನಿ ತೊಂದರೆ ಆಗಿತ್ತು," ಎಂದಷ್ಟೇ ಹೇಳುತ್ತಾನೆ. ಅವನ ಲೆಕ್ಕದಲ್ಲಿ ಕಿಡ್ನಿಗೆ ಮರ್ಯಾದೆಯಿದೆ, ತಲೆಗಿಲ್ಲ.