ಒಂದು ಬಾಟಲಿ ಕಾಳಜಿ

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಇದೆ, ಕೆಟ್ಟ ಗಡ್ಡೆಯಲ್ಲ, ಆದರೂ ತೆಗೆಯಲೇಬೇಕು ಎಂದರು ಅಂಧೇರಿಯ ಡಾಕ್ಟರು. ಅವಳ ಮೈಯಲ್ಲಿ ರಕ್ತ ಕಡಿಮೆಯಿತ್ತು. ತಪಾಸಣೆ ಮಾಡಿಸಿದರೆ ನನ್ನದೂ ಅವಳದೂ ಒಂದೇ ಗುಂಪು. ಹದಿನಾರು ವರ್ಷದ ಸಂಸಾರದಲ್ಲಿ ನಮ್ಮಿಬ್ಬರಿಗೂ ಹೊಂದಿಕೆಯಾದ ಸಂಗತಿಗಳಲ್ಲಿ ಇದು ಎರಡನೆಯದು. ಮೊದಲನೆಯದು ಚಹಾಕ್ಕೆ ಶುಂಠಿ.

ಒಂದು ಬಾಟಲಿ ರಕ್ತ ಕೊಡಬೇಕೆಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಈಗ ಹೇಳಲು ನಾಚಿಕೆ, "ಅದು ವಾಪಸ್ ಬರುತ್ತದೆಯೇ?" ಎಂಬುದು. ಡಾಕ್ಟರು ತಾಳ್ಮೆಯ ಮನುಷ್ಯ. ಎಲುಬಿನೊಳಗೆ ಹೊಸ ರಕ್ತ ದಿನಾಲೂ ಹುಟ್ಟುತ್ತಲೇ ಇರುತ್ತದೆ, ಕೆಂಪು ಕಣ ಮೂರು-ನಾಲ್ಕು ತಿಂಗಳು ಬಾಳಿ ಸಾಯುತ್ತದೆ, ನೀವು ಕೊಟ್ಟರೂ ಸಾಯುತ್ತದೆ, ಕೊಡದಿದ್ದರೂ ಸಾಯುತ್ತದೆ ಎಂದು ವಿವರಿಸಿದರು. ಕೊನೆಗೆ, "ನಿಮ್ಮ ಚಾಳಿನ ನಳ ಇದ್ದ ಹಾಗೆ. ಇವತ್ತು ಕೊಡ ತುಂಬಿಕೊಂಡರೆ ನಾಳೆ ಮತ್ತೆ ಬರುವುದಿಲ್ಲವೇ?" ಎಂದರು. ಮಲಾಡಿನ ನಮ್ಮ ಚಾಳಿನಲ್ಲಿ ಮೂವತ್ತು ಖೋಲಿಗಳ ಸಂಸಾರಕ್ಕೆಲ್ಲ ಒಂದೇ ನಳ; ಅದನ್ನು ಅವರು ನೋಡಿರಲಿಲ್ಲ.

ರಕ್ತ ಕೊಡುವ ದಿನ ಜೊತೆಗೆ ಬಂದವರು ಪಕ್ಕದ ಖೋಲಿಯ ಟೇಲರ್ ಚಾಚಾ, ವಿಜಾಪುರದ ಕಡೆಯವರು. ನನ್ನ ಮುಖ ಬಿಳಿಚಿದ್ದನ್ನು ಕಂಡು, "ಸೂಜಿಗೆ ಅಂಜತೀರೇನ್ರೀ ಸಾಹೇಬ್ರ? ಮೂವತ್ತ ವರ್ಷಾತು, ನಾ ದಿನಾ ಚುಚ್ಚಿಕೋತೀನಿ. ಎಲ್ಲೆರ ಗುರುತು ಐತೇನ ನೋಡ್ರಿ" ಎಂದು ಬೆರಳು ಚಾಚಿದರು. ಹುಡುಕಿದೆ. ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಬಾಟಲಿ ತುಂಬಿತ್ತು.

ಫೆಬ್ರುವರಿಯಲ್ಲಿ ಆಪರೇಷನ್ ಆಯಿತು, ಸಲೀಸಾಗಿಯೇ ಆಯಿತು. ಆದರೆ ಮನೆಗೆ ಬಂದವಳಿಗೆ ಶಕ್ತಿಯೇ ಇರಲಿಲ್ಲ. ದಿನಾ ನಡೆದಾಡಿಸಿ ಎಂದಿದ್ದರು. ನಮ್ಮದು ಎರಡನೇ ಮಾಳಿಗೆ. ಅರ್ಧ ಮೆಟ್ಟಿಲು ಇಳಿದು ಅವಳು ಏದುಸಿರು ಬಿಡುತ್ತ ಕುಳಿತುಬಿಡುತ್ತಿದ್ದಳು. ಇವಳು ಮೊದಲಿನಂತೆ ಆಗುತ್ತಾಳೋ ಇಲ್ಲವೋ ಎಂದು ನಾನು ತಂಬಿಗೆ ಹಿಡಿದು ಹಿಂದೆ ನಿಂತಿರುತ್ತಿದ್ದೆ.

"ಹಿಂದ ನಿಂತು ನನ್ನ ಉಸಿರು ಎಣಸಬ್ಯಾಡ್ರಿ. ನಗು ಬರತೈತಿ, ನಕ್ಕರ ಹೊಲಿಗಿ ಜಗ್ಗತಾವ."

ಒಂದು ಸಂಜೆ ಅವಳೇ, "ಸ್ಟೋವ್ ಆರಿಸೀರೇನು?" ಎಂದು ಕೇಳಿದಳು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹದಿನಾರು ವರ್ಷ ಆ ಪ್ರಶ್ನೆ ಕೇಳಿದವನು ನಾನು, ನಕ್ಕವಳು ಅವಳು.

"ನಿಮ್ಮ ರಕ್ತದ ಗುಣ ನೋಡ್ರಿ ಇದು. ಬಾಟಲಿ ತುಂಬ ಕಾಳಜಿ ಕೊಟ್ಟೀರಿ."

ನಮ್ಮ ಧಾರವಾಡದ ಕಡೆ ಕಾಳಜಿ ಎಂದರೆ ಚಿಂತೆಯೂ ಹೌದು, ಅಕ್ಕರೆಯ ಆರೈಕೆಯೂ ಹೌದು. ಅವಳು ಯಾವ ಅರ್ಥದಲ್ಲಿ ಹೇಳಿದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

"ನಾಕ ತಿಂಗಳು ತಡಿ," ಎಂದೆ. "ನನ್ನ ಕಣ ಒಂದೂ ಉಳಿಯೂದಿಲ್ಲ. ಆಮ್ಯಾಲೆ ಎಲ್ಲಾ ನಿನ್ನವ."

"ಅಲ್ಲೀತನಕಾ?"

"ಅನುಭವಿಸು. ನಾ ಹುಟ್ಟಿದಾಗಿಂದ ಅನುಭವಿಸಾಕತ್ತೀನಿ."

ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ತಿಂಗಳು ಎಣಿಸಿ, ಜೂನ್ ತಿಂಗಳ ಒಂದು ತಾರೀಖಿಗೆ ಪೆನ್ಸಿಲಿನಿಂದ ಸುತ್ತು ಹಾಕಿದೆ. ಅಷ್ಟರೊಳಗೆ ಅವಳು ಕೆಳಗಿನ ಅಂಗಳ ಮುಟ್ಟಿದರೆ ಸಾಕೆಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮೇ ತಿಂಗಳಲ್ಲಿ ನನ್ನ ಕೈ ಹಿಡಿದು ಒಮ್ಮೆ ಮುಟ್ಟಿ ಬಂದಳು. ಸುತ್ತು ಹಾಕಿದ ತಾರೀಖೂ ದಾಟಿತು.

ಜುಲೈಯಲ್ಲಿ ಒಂದು ದಿನ ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ಒಂದು ಸ್ಟೇಷನ್ ಹಿಂದೆ, ಗೋರೆಗಾಂವಿನಲ್ಲೇ ನಿಂತಿತು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತ ಮಲಾಡ್ ಸ್ಟೇಷನ್ನಿನ ಹತ್ತಿರ ಬಂದಾಗ ದೀಪ ಹಚ್ಚುವ ಹೊತ್ತು. ಸೇತುವೆಯ ಕೆಳಗೆ, ಸೀರೆಯ ಅಂಚು ತೊಯ್ಯಿಸಿಕೊಂಡು ಅವಳು ನಿಂತಿದ್ದಳು. ಒಂದು ಛತ್ರಿ ಹಿಡಿದಿದ್ದಳು, ಇನ್ನೊಂದು ಕಂಕುಳಲ್ಲಿ. ನನ್ನ ಕೈಯಲ್ಲೂ ಛತ್ರಿ ಇತ್ತು. ಜನವರಿಯಲ್ಲೂ ಇರುತ್ತದೆ, ಅದು ಅವಳಿಗೆ ಗೊತ್ತು. ಆದರೂ ತಂದಿದ್ದಳು.

"ಅಷ್ಟು ಮೆಟ್ಟಲಾ ಇಳದು ಒಬ್ಬಾಕಿನ ಬಂದ್ಯಾ?"

"ಮತ್ತ? ಪಾಲಕಿ ಸಿಗಲಿಲ್ಲ."

"ನಾಕ ತಿಂಗಳು ಆಗಿ ಹೋತು. ನಂದೇನೂ ಉಳದಿಲ್ಲ ನಿನ್ನೊಳಗ. ಇದು ಯಾರ ಕಾಳಜಿ?"

ಅವಳು ಆಗಲೇ ತಿರುಗಿ ಹೆಜ್ಜೆ ಹಾಕಿದ್ದಳು. "ಲಗೂನ ನಡೀರಿ. ಸ್ಟೋವ್ ಆರಿಸೀನೋ ಇಲ್ಲೋ ನೆನಪಿಲ್ಲ."

ಚಾಳಿನ ಮೆಟ್ಟಿಲಲ್ಲಿ ಅವಳು ಮುಂದೆ, ನಾನು ಹಿಂದೆ. ಅವಳು ಎಲ್ಲೂ ಕೂರಲಿಲ್ಲ. ಎಣಿಸಲು ಉಳಿದದ್ದು ನನ್ನ ಉಸಿರು ಮಾತ್ರ.